ಏಣಿಯ ಹಾಜರಿ

ಯೂನಿವರ್ಸಿಟಿಯಲ್ಲಿ ನಮ್ಮಣ್ಣನಿಗೆ ಗಿಳಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಷ್ಟು ಮುದ್ದಿನ ಹೆಸರೇನೂ ಇರಲಿಲ್ಲ, ಅಪ್ಪ ಕರೆಯುತ್ತಿದ್ದುದು ಬಾಯಿಬಡುಕ ಎಂದು. ಅಪ್ಪನದು ಕ್ಷೌರದಂಗಡಿ. ಎರಡು ಕುರ್ಚಿ, ಕಾಯುವವರಿಗೆ ಒಂದು ಬೆಂಚು, ಆ ಬೆಂಚಿನ ಮೂಲೆಯಲ್ಲಿ ಅಣ್ಣ. ಬಂದುಹೋಗುವವರ ದನಿಯನ್ನೆಲ್ಲ ಕದ್ದು ಮನೆಗೆ ತರುತ್ತಿದ್ದ. ಊಟಕ್ಕೆ ಕೂತರೆ ಮೂಗಿನಲ್ಲಿ ಮಾತಾಡುವ ಪೋಸ್ಟ್‌ಮಾಸ್ಟರ್, ಮಾತಿಗೊಮ್ಮೆ ಕೆಮ್ಮುವ ಗಿರಣಿಯವನು, ಎಲ್ಲರೂ ನಮ್ಮ ತಟ್ಟೆಗಳ ನಡುವೆ ಬಂದು ಕೂರುತ್ತಿದ್ದರು. ಅಮ್ಮ ನಕ್ಕು ನಕ್ಕು ನೆತ್ತಿಗೇರಿಸಿಕೊಳ್ಳುತ್ತಿದ್ದಳು.

ಅಣ್ಣನಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದಾಗ ಅಪ್ಪ, ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಬಾಯಿ ಬಿಡಲಾಗದೆ ಕೂತವರಿಗೆಲ್ಲ ಅದೇ ಸುದ್ದಿ ಹೇಳಿದ. "ಸರ್ಕಾರದ್ದು ಸ್ವಾಮಿ, ಇಡೀ ರಾಜ್ಯಕ್ಕೇ ದೊಡ್ಡದು." ದೊಡ್ಡದೇನೋ ಹೌದು. ಆ ದೊಡ್ಡತನವನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಅಣ್ಣನನ್ನು ಸೇರಿಸಲು ನಾನೂ ಹೋಗಿದ್ದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಸ್ಸು ಹತ್ತಬೇಕು. ಕಿಟಕಿಯ ಹಿಂದೆ ಕೂತ ಗುಮಾಸ್ತ ಮುಖ ಎತ್ತಲೂ ಇಲ್ಲ. ಅಪ್ಪ ಮಗನ ಹೆಸರು, ತನ್ನ ಹೆಸರು, ತನ್ನ ಅಪ್ಪನ ಹೆಸರು ಹೇಳಿ ಮುಗಿಸಿದ ಮೇಲೆ, "ಹೆಸರು ಕೇಳಿದ್ನಾ ನಾನು? ನಂಬರ್ ಹೇಳ್ರೀ" ಎಂದ.

ಮೊದಲ ವರ್ಷದ ತರಗತಿಯಲ್ಲಿ ನಾನೂರು ಚಿಲ್ಲರೆ ಹುಡುಗರು. ಸಿನಿಮಾ ಟಾಕೀಸಿನ ಹಾಗೆ ಹಿಂದಕ್ಕೆ ಏರುತ್ತಾ ಹೋಗುವ ಬೆಂಚುಗಳು, ಕೆಳಗೆ ಮೈಕಿನ ಮುಂದೆ ಮೇಷ್ಟ್ರು. ಅವರು ತಲೆ ಬಗ್ಗಿಸಿ ನಂಬರು ಓದುತ್ತಾರೆ, ಎಲ್ಲಿಂದಲೋ ಒಂದು ದನಿ "ಪ್ರೆಸೆಂಟ್ ಸರ್" ಎನ್ನುತ್ತದೆ. ಪಾಠಕ್ಕಿಂತ ಆ ಜಪವೇ ಜಾಸ್ತಿ. ಮೊದಲ ತಿಂಗಳು ಅಣ್ಣನನ್ನು ಯಾರೂ ಮಾತಾಡಿಸಲಿಲ್ಲ. ನಮ್ಮ ಮನೆಯ ಬಾಯಿಬಡುಕ ದಿನವಿಡೀ ಆಡುತ್ತಿದ್ದುದು ಆ ಎರಡೇ ಪದ ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಆಮೇಲೊಂದು ದಿನ ಪಕ್ಕದವನಿಗೆ ಪಿಕ್ಚರಿಗೆ ಹೋಗಬೇಕಿತ್ತು. ಅಣ್ಣ ಅವನದೇ ದನಿಯಲ್ಲಿ ಅವನ ನಂಬರಿಗೆ ಓಗೊಟ್ಟ. ಬೇರೆಯವರ ಹಾಜರಿ ಹೇಳುವುದು ಅಲ್ಲಿ ಹೊಸದೇನಲ್ಲ, ಆದರೆ ಒಂದೇ ಗಂಟಲು ಎರಡು ಸಲ ಕೇಳಿದರೆ ಮೇಷ್ಟ್ರು ಹಿಡಿಯುತ್ತಿದ್ದರು. ಅಣ್ಣನ ಗಂಟಲಿಗೆ ಆ ಭಯವಿರಲಿಲ್ಲ. ಒಂದು ವಾರದಲ್ಲಿ ಅವನು ಎಲ್ಲರಿಗೂ ಬೇಕಾದವನಾದ. "ಗಿಳಿ, ನಾಳೆ ನಂದು ನೋಡ್ಕೋ" ಎನ್ನುವವರೇ ಎಲ್ಲ. ಅಂತೂ ಅಷ್ಟು ದೊಡ್ಡ ಜಾಗದಲ್ಲಿ ಯಾರೋ ತನ್ನನ್ನು ಕರೆಯುತ್ತಾರಲ್ಲ ಎಂದು ಹಿಗ್ಗಿದ. ಪಾಪ, ಅವನ ಹಿಗ್ಗನ್ನು ನಾನು ಬೈಯಲಾರೆ.

ಹಾಸ್ಟೆಲಿನಲ್ಲಿ ಅಣ್ಣನ ಕೋಣೆಯ ಇನ್ನೊಬ್ಬನನ್ನು ಏಣಿ ಎನ್ನುತ್ತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಬಡಗಿಯ ಮಗ, ಒಬ್ಬನೇ ಮಗ. ಮಾತು ಕಮ್ಮಿ, ಆಡಿದರೆ ಬಾವಿಯೊಳಗಿಂದ ಬಂದ ಹಾಗೆ ದಪ್ಪ ದನಿ, "ಸಾರ್" ಎನ್ನುವಾಗ ಕೊನೆಯಲ್ಲೊಂದು ಎಳೆತ. ತನ್ನ ಶಾಲೆಗೇ ಮೊದಲಿಗನಾಗಿ ಬಂದವನು ಇಲ್ಲಿಯ ಮೊದಲ ಪರೀಕ್ಷೆಯಲ್ಲಿ ಎಲ್ಲದರಲ್ಲೂ ನಪಾಸಾದ. ಯಾರೂ ಬೈಯಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವನ ನಂಬರು ಇರಲಿಲ್ಲ, ಅಷ್ಟೆ. ಅವತ್ತಿನಿಂದ ಏಣಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

"ಕ್ಲಾಸಿಗೆ ಬರಲ್ವೇನೋ?" ಎಂದು ಅಣ್ಣ ಕೇಳುತ್ತಿದ್ದ.

"ಏಳಕ್ಕೇ ಆಗ್ತಿಲ್ಲ ಕಣೋ."

"ಸರಿ ಬಿಡು, ಮಲ್ಕೋ. ಹಾಜರಿ ನಾನು ನೋಡ್ಕೋತೀನಿ."

ಇದನ್ನು ಅಣ್ಣ ಉಪಕಾರ ಎಂದುಕೊಂಡ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹಾಳು. ಹತ್ತು ದಿನ ಒಂದೇ ಸಮನೆ ಬರದಿದ್ದರೆ ಆಫೀಸಿನಿಂದ ಮನೆಗೆ ಫೋನು ಹೋಗುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಎರಡನ್ನೂ ತಪ್ಪಿಸಿದೆನೆಂದು ಅವನ ಸಮಾಧಾನ. ಆ ದೊಡ್ಡ ಯೂನಿವರ್ಸಿಟಿಗೆ ಹುಡುಗರ ಮೇಲೆ ಇದ್ದ ಒಂದೇ ಒಂದು ಕಣ್ಣು ಆ ಫೋನು ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ಸಂಜೆ ಕೋಣೆಗೆ ಬಂದರೆ ಏಣಿಯ ಹಾಸಿಗೆ ಮಡಚಿಟ್ಟಿತ್ತು, ಚೀಲ ಇರಲಿಲ್ಲ. ಊರಿಗೆ ಹೋಗಿರಬೇಕು, ಅಮ್ಮನ ಕೈಯಡುಗೆ ಉಂಡು ಸುಧಾರಿಸಿಕೊಂಡು ಬರಲಿ ಎಂದುಕೊಂಡ ಅಣ್ಣ. ಫೋನು ಮಾಡಿ ನೋಡಿದ, ಸ್ವಿಚ್ ಆಫ್. ಮರುದಿನ ಮೇಷ್ಟ್ರು ಏಣಿಯ ನಂಬರು ಇನ್ನೂರ ಹದಿನೇಳು ಎಂದಾಗ ಎಂದಿನಂತೆ ದಪ್ಪ ದನಿಯಲ್ಲಿ ಹಾಜರಿ ಹೇಳಿದ. ಅದರ ಮರುದಿನವೂ ಹೇಳಿದ. ಹೀಗೇ ಎರಡು ವಾರ ದಾಟಿತು. ಅತ್ತ ಮನೆಯಲ್ಲಿ ಮಗನ ಫೋನು ಹತ್ತುತ್ತಿಲ್ಲವೆಂದು ಬಡಗಿ ಆಫೀಸಿಗೆ ವಿಚಾರಿಸಿದರೆ, "ನಿನ್ನೆ ಕೂಡ ಕ್ಲಾಸಿಗೆ ಬಂದಿದಾನಲ್ರೀ, ಫೋನ್ ಕೆಟ್ಟಿರ್ಬೇಕು" ಎಂಬ ಉತ್ತರ. ಊರಲ್ಲಿದ್ದಾನೆಂದು ಇವನು, ಕ್ಲಾಸಲ್ಲಿದ್ದಾನೆಂದು ಅವರು. ಹುಡುಗ ಎರಡೂ ಕಡೆ ಇರಲಿಲ್ಲ.

ಕೊನೆಗೆ ಬಡಗಿ ಹೊಸ ಫೋನೊಂದನ್ನು ಕೊಂಡು ತಾವೇ ಬಂದರು. ಆಫೀಸಿನವರು ಕ್ಲಾಸಿನ ದಾರಿ ತೋರಿಸಿ, ಒಳಗೆ ಕೂತಿರಿ, ಸಿಗುತ್ತಾನೆ ಎಂದರು. ಅವರು ಹಿಂದಿನ ಬಾಗಿಲಿಂದ ಬಂದು ಕೊನೆಯ ಬೆಂಚಿನ ತುದಿಗೆ ಕೂತದ್ದು ಅಣ್ಣನಿಗೆ ಗೊತ್ತೇ ಇಲ್ಲ.

"ಇನ್ನೂರ ಹದಿನೇಳು."

"ಪ್ರೆಸೆಂಟ್ ಸಾ...ರ್."

ಹಿಂದೆ ಯಾರೋ ಎದ್ದು ನಿಂತರು. "ಮಗಾ, ಎಲ್ಲಿದೀಯೋ? ಅಪ್ಪ ಬಂದಿದೀನಿ."

ನಾನೂರು ಹುಡುಗರು ಗೊಳ್ಳೆಂದು ನಕ್ಕರು. ಮೇಷ್ಟ್ರು ಮೈಕಿನಲ್ಲಿ, "ಯಾರ್ರೀ ಅದು, ಕೂತ್ಕೊಳ್ಳಿ" ಎಂದರು. ಬಡಗಿ ಕೂರಲಿಲ್ಲ. ಪ್ರತಿ ಸಾಲಿಗೂ ಬಗ್ಗಿ ಮುಖಗಳನ್ನು ನೋಡುತ್ತಾ ಮೆಟ್ಟಿಲಿಳಿದು ಬಂದರು. "ಎದ್ ನಿಂತ್ಕೋ ಮಗಾ. ಇಷ್ಟ್ ಜನದಲ್ಲಿ ನಂಗೆ ಕಾಣ್ತಿಲ್ಲ."

ಅಣ್ಣ ಮುಂದಿನವನ ಬೆನ್ನ ಹಿಂದೆ ಕುಗ್ಗಿದ. ಎದ್ದರೆ ಡಿಬಾರ್, ಅಪ್ಪನ ಮುಖಕ್ಕೆ ಮಸಿ. ಏಳದಿದ್ದರೆ ಈ ಮನುಷ್ಯ ಮಗನನ್ನು ಈ ತರಗತಿಯಲ್ಲೇ ಹುಡುಕುತ್ತಿರುತ್ತಾನೆ. ಅವರು ಕೊನೆಯ ಸಾಲಿನಿಂದ ಮೊದಲ ಸಾಲಿನವರೆಗೆ ಇಳಿದು, ಮತ್ತೆ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅಣ್ಣ ಎದ್ದ.

"ಅದು ನಾನು ಅಂಕಲ್. ಅವನ ಬದಲು ನಾನು ಹೇಳಿದ್ದು."

"ನೀನಲ್ಲಪ್ಪ" ಎಂದರು ಅವರು ಸಮಾಧಾನದಿಂದಲೇ. "ನನ್ ಮಗನ ದನಿ ನಂಗೆ ಗೊತ್ತಾಗಲ್ವಾ?"

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅಣ್ಣ ಅವರ ಎದುರಿಗೇ ನಿಂತು, ಕಣ್ಣು ಮುಚ್ಚಿಕೊಂಡು, ಏಣಿಯ ದನಿಯಲ್ಲಿ "ಪ್ರೆಸೆಂಟ್ ಸಾರ್" ಎಂದು ಇನ್ನೊಮ್ಮೆ ಹೇಳಬೇಕಾಯಿತು. ತರಗತಿಯಲ್ಲಿ ನಗು ನಿಂತಿತ್ತು. ಬಡಗಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ಹಾಗಾದ್ರೆ ಅವನು ಹೋಗಿ ಎಷ್ಟ್ ದಿನ ಆಯ್ತು?" ಎಂದು ಕೇಳಿದರು.

ಬಸ್ ಸ್ಟ್ಯಾಂಡಿನ ಕ್ಯಾಮೆರಾದಲ್ಲಿ ಹತ್ತು ದಿನದ ಚಿತ್ರ ಮಾತ್ರ ಉಳಿಯುತ್ತದಂತೆ, ಹಿಂದಿನದು ಅಳಿಸಿಹೋಗುತ್ತದಂತೆ. ಪೊಲೀಸರು ಅಷ್ಟು ಹೇಳಿ ಕೈ ತೊಳೆದುಕೊಂಡರು. ಯಾವ ಬಸ್ಸು ಹತ್ತಿದ, ಹತ್ತಿದನೋ ಇಲ್ಲವೋ, ಗೊತ್ತಾಗಲಿಲ್ಲ. ಬಡಗಿ ಒಂದು ತಿಂಗಳು ಮಗನ ಹಾಸಿಗೆಯಲ್ಲೇ ಮಲಗಿ ಹಗಲೆಲ್ಲ ಹುಡುಕಿದರು, ಅಣ್ಣ ಅವರ ಜೊತೆ ಅಲೆದ. ಒಂದು ಕೆಟ್ಟ ಮಾತೂ ಆಡಲಿಲ್ಲ ಆ ಮನುಷ್ಯ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅಣ್ಣ ಇವತ್ತಿಗೂ ಹೇಳುತ್ತಾನೆ. ಯೂನಿವರ್ಸಿಟಿ ಅಣ್ಣನನ್ನು ಡಿಬಾರ್ ಮಾಡಿತು. ವರ್ಷವೆಲ್ಲ ಒಂದು ಸಲವೂ ತಲೆ ಎತ್ತಿ ನೋಡದ ಮೇಷ್ಟ್ರಿಗೆ ಮಾತ್ರ ಏನೂ ಆಗಲಿಲ್ಲ, ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಅಣ್ಣ ತಿರುಗಿ ಓದಲಿಲ್ಲ. ಈಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನೆ. ಮೆಷಿನ್ನಿನ ಸದ್ದಿನಲ್ಲಿ ಅಲ್ಲಿ ಯಾರೂ ಮಾತಾಡಬೇಕಾಗಿಲ್ಲ. ಊಟಕ್ಕೆ ಕೂತರೆ ನಮ್ಮ ಮನೆಯಲ್ಲಿ ಕೇಳುವುದು ತಟ್ಟೆಯ ಶಬ್ದ ಮಾತ್ರ.

ಹೋದ ಭಾನುವಾರ ಅವನಿಗೊಂದು ಫೋನು ಬಂತು. ಏಣಿಯ ಅಮ್ಮ. ಹುಷಾರಿಲ್ಲದೆ ಮಲಗಿದ್ದಾರೆ, ಹೆಚ್ಚು ದಿನ ಇಲ್ಲವಂತೆ. ಪಕ್ಕದಲ್ಲೇ ಕೂತಿದ್ದ ನನಗೂ ಅವರ ಮಾತು ಕೇಳಿಸುತ್ತಿತ್ತು.

"ಒಂದೇ ಒಂದ್ಸಲ ಅವನ ಹಾಗೆ ಅಮ್ಮಾ ಅನ್ನಪ್ಪ. ಅವನಲ್ಲ ಅಂತ ನಂಗೆ ಗೊತ್ತು. ಆದ್ರೂ ಅನ್ನು."

ಅಣ್ಣನ ಗಂಟಲು ಆಡಿದ್ದನ್ನು ನಾನು ನೋಡಿದೆ. ಆ ದನಿ ಅಲ್ಲೇ ಇತ್ತು, ನನಗೆ ಗೊತ್ತು. ನಿದ್ದೆಯಲ್ಲಿ ಅವನು ಆ ದನಿಯಲ್ಲೇ ಕನವರಿಸುತ್ತಾನೆ.

"ನಂಗೀಗ ಅದು ಬರಲ್ಲ ಅಮ್ಮ" ಎಂದ, ತನ್ನದೇ ದನಿಯಲ್ಲಿ.

ಆಕೆ, "ಹೋಗ್ಲಿ ಬಿಡು, ನಿಂದೇ ದನೀಲಿ ಏನಾದ್ರೂ ಮಾತಾಡು" ಎಂದರು. ಅಣ್ಣ ಬಾಯಿ ತೆರೆದ. ಒಂದು ಪದವೂ ಹೊರಡಲಿಲ್ಲ. ಆಕೆ ಫೋನು ಇಡದೆ ಕಾಯುತ್ತಲೇ ಇದ್ದರು.