ಸೀಸೆಯ ಮೇಲೆ ನಾನು ಬರೆದದ್ದು

ಹೋದ ಸೋಮವಾರ ಸಿಂದಗಿಯ ನಮ್ಮ ಔಷಧದ ಅಂಗಡಿಯಲ್ಲಿ ಹಿರಿಯರೊಬ್ಬರು ನನಗೆ ಸೊಕ್ಕಿನವ ಅಂದರು.

ಸ್ವಲ್ಪ ಮುಂಚೆ ಅವರ ಸೊಸೆ ಡಾಕ್ಟರ ಚೀಟಿ ತಂದು ಔಷಧ ಒಯ್ದಿದ್ದಳು. ಹಿಂದೆಯೇ ಇವರು ಬಂದರು. ಕಟ್ಟೆಗೆ ಕೋಲು ಆನಿಸಿ, ದನಿ ತಗ್ಗಿಸಿ ಕೇಳಿದರು.

"ನಮ್ಮ ಸೊಸಿ ಏನ ಒಯ್ದಳೋ ಕಂಪೌಂಡರ್?"

"ಆಕಿನ್ನ ಕೇಳ್ರಿ, ಯಜಮಾನ್ರ."

"ನಾ ಆಕಿ ಮಾವ ಅದೇನಿ."

"ಹೌದ್ರಿ. ಒಂದ ಮನ್ಯಾಗ ಇರ್ತೀರಿ, ಕೇಳಾಕ ಸಲೀಸ ಆತು."

"ಮೂರನೇ ಇಯತ್ತೆ ಕಲ್ತಾವಗ ಇಷ್ಟು ಸೊಕ್ಕು! ನಾಕನೇದು ಕಲ್ತಿದ್ದರ ನಮ್ಮನ್ನ ಈ ಕಟ್ಟಿನೂ ಹತ್ತಗೊಡ್ತಿದ್ದಿಲ್ಲ ನೀ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. (ಮೂರನೇ ತರಗತಿಗೇ ನಾನು ಶಾಲೆ ಬಿಟ್ಟದ್ದೇನು ಸುಳ್ಳಲ್ಲವಲ್ಲ.)

ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಎಲ್ಲಿ ಕಲಿತೆ? ಕಾಯ್ದೆ ಓದಿ ಕಲಿತದ್ದಲ್ಲ. ವಾರ ವಾರ ಈ ಪತ್ರಿಕೆಯಲ್ಲಿ ನಿಮ್ಮ ಮುಂದೆ ಊರ ಮಾತೆಲ್ಲ ಆಡುವ ನಾನು, ಇದೊಂದು ಮಾತನ್ನು ಮಾತ್ರ ಈವರೆಗೆ ಬಚ್ಚಿಟ್ಟಿದ್ದೆ.

ನನಗೊಬ್ಬಳು ಅಕ್ಕ ಇದ್ದಾಳೆ. ನನ್ನನ್ನು ಶಾಲೆ ಬಿಡಿಸಿದಾಗ, ಬೀಸುವ ಕಲ್ಲಿನ ಮುಂದೆ ಕೂತು, ಚೆಲ್ಲಿದ ಜೋಳದ ಹಿಟ್ಟಿನಲ್ಲಿ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ಅವಳು. "ನಿನ್ನ ಅಕ್ಷರ ದಣದ ಎತ್ತು ಮಲಗಿದಂಗ ಅದಾವು, ಎಬ್ಬಿಸೋ ಅವನ್ನ" ಅನ್ನುತ್ತಿದ್ದಳು. ಇವತ್ತು ನನ್ನ ಬರಹ ಚೆಂದ ಅಂತ ಸಂಪಾದಕರು ಹೊಗಳುತ್ತಾರೆ. ಆ ಬರಹ ಅಕ್ಕನದು.

ಅಕ್ಕನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮದುವೆಗೆ ಮುಂಚೆ ಗಂಡನಾಗುವವನಿಗೆ ಅವಳೇ ಹೇಳಿದ್ದಳು. "ಔಷಧ ಕುಡದರ ಆತು, ಅದಕ್ಯಾಕ ಅಂಜತಿ" ಅಂದಿದ್ದ ಆ ಪುಣ್ಯಾತ್ಮ. ಅತ್ತೆಗೆ, ಓಣಿಗೆ ಹೇಳುವ ಜರೂರು ಇಬ್ಬರಿಗೂ ಕಾಣಲಿಲ್ಲ. ಅವಳ ಗಂಡನ ಊರು ಮನಗೂಳಿಯಿಂದ ಖಾಲಿ ಸೀಸೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ನಾನು ಮಿಕ್ಸ್ಚರ್ ತುಂಬಿ, ಕಾಗದ ಸುತ್ತಿ, ಅದೇ ಬಸ್ಸಿಗೆ ಕಳಿಸುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು. ಒಂದು ಸಲವೂ ಫಿಟ್ಸ್ ಬರಲಿಲ್ಲ.

ಅಕ್ಕನ ಕೈ ಅಂದರೆ ಓಣಿಗೆಲ್ಲ ಪ್ರೀತಿ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಅವಳನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕಿದರೆ ಎಂಥ ಹಟದ ಕೂಸೂ ಸುಮ್ಮನಾಗುತ್ತಿತ್ತು. ಅವಳಿಗೆ ಮಕ್ಕಳಿಲ್ಲ.

ಆಗ ಬಂತು ನನ್ನ ರಜಿಸ್ಟ್ರೇಷನ್. ಅನುಭವ ನೋಡಿ ನನ್ನಂಥ ಕಡಿಮೆ ಕಲಿತ ಕಂಪೌಂಡರ್‌ಗಳನ್ನೂ ಹೊಸ ಕಾಯ್ದೆ ಸೇರಿಸಿಕೊಂಡಿತು. ಸರ್ಟಿಫಿಕೇಟ್ ಗೋಡೆಗೇರಿತು, ನನ್ನ ತಲೆ ಮುಗಿಲಿಗೇರಿತು. ಲೇಬಲ್ ಮೇಲೆ ರೋಗಿಯ ಹೆಸರು, ಕುಡಿಯುವ ಪ್ರಮಾಣ ಇರಲೇಬೇಕು ಎಂದು ಮಾಲಕರು ತಾಕೀತು ಮಾಡಿದರು. ಬರೆಯುವುದೆಂದರೆ ನನಗೆ ಹಬ್ಬ. ಅಕ್ಕನ ಸೀಸೆಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದೆ. ಪ್ರಮಾಣ ಬರೆದೆ. ಕೆಳಗೆ ಜಾಗ ಉಳಿದಿತ್ತು. ಅಲ್ಲಿ 'ಮೂರ್ಛೆ ರೋಗಕ್ಕೆ' ಎಂದೂ ಬರೆದೆ.

ಯಾವ ಕಾಯ್ದೆ ಕೇಳಿತ್ತು ಅದನ್ನು? ಯಾವುದೂ ಇಲ್ಲ. ಅಕ್ಷರ ಚೆಂದ ಬರುತ್ತಿತ್ತು, ಬರೆದೆ. ಅಷ್ಟು ಚೆಂದದ ಲೇಬಲ್ ಕಾಣಲಿ ಅಂತ ಅವತ್ತು ಕಾಗದವನ್ನೂ ಸುತ್ತಲಿಲ್ಲ.

ಸೀಸೆ ಮನಗೂಳಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಳಿಯಿತು. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಓದಲು ಬಂದವರೆಲ್ಲ ಓದಿದ್ದರು, ಬಾರದವರು ಓದಿಸಿ ಕೇಳಿದ್ದರು.

ಅಂದಿನಿಂದ ಅಕ್ಕನನ್ನು ಯಾರೂ ಎರೆಯಲು ಕರೆಯಲಿಲ್ಲ. ಯಾರೂ ಬೈಯಲಿಲ್ಲ, ಜಗಳಾಡಲಿಲ್ಲ. ಅವಳು ಕೈ ಚಾಚಿದ ಕೂಡಲೇ ಕೂಸಿಗೆ ಹಸಿವೆಯಾಗುತ್ತಿತ್ತು, ಇಲ್ಲವೇ ನಿದ್ದೆ ಬರುತ್ತಿತ್ತು. ಅಷ್ಟೇ.

ನನಗೆ ಅವಳು ಅಂದದ್ದು ಒಂದೇ ಮಾತು. "ಹೇಳೂದಿದ್ದರ ನಾನ ಹೇಳ್ತಿದ್ದೆನಲ್ಲೋ ತಮ್ಮಾ." ಆಮೇಲೆ ಔಷಧವನ್ನು ನನ್ನ ಬಿಟ್ಟು ಇಂಡಿ ಊರಿನ ಅಂಗಡಿಯಿಂದ ತರಿಸತೊಡಗಿದಳು. ಒಂಬತ್ತು ವರ್ಷವಾಯಿತು.

ಸರಿ, ಸೋಮವಾರಕ್ಕೆ ಬರೋಣ. ಆ ಹಿರಿಯರನ್ನು ಬರಿಗೈಯಲ್ಲಿ ಕಳಿಸಿ, ಅಂತೂ ಬುದ್ಧಿ ಕಲಿತೆನಲ್ಲ ಎಂದು ಎದೆ ಉಬ್ಬಿಸಿಕೊಂಡು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಅಕ್ಕ ಬಂದಿದ್ದಳು. ನನ್ನ ಮೂರನೆಯ ಮಗಳು ಹುಟ್ಟಿ ಇಪ್ಪತ್ತು ದಿನ. ನೋಡಲು ಬಂದವಳು ಸೀರೆ ಮೊಳಕಾಲಿಗೇರಿಸಿ ಬಚ್ಚಲಲ್ಲಿ ಕೂತಿದ್ದಳು. ಕೂಸನ್ನು ಅವಳ ಕಾಲ ಮೇಲೆ ಹಾಕಿದವಳು ನನ್ನ ಹೆಂಡತಿಯೇ.

ನಾನೇನು ಮಾಡಿದೆ ಗೊತ್ತೇ? ಬಚ್ಚಲ ಬಾಗಿಲಿಗೆ ಹೋಗಿ ನಿಂತೆ. ಎರಡೂ ಕೈ ಮುಂದೆ ಮಾಡಿಕೊಂಡು ನಿಂತೆ, ಬಿದ್ದರೆ ಹಿಡಿಯುವವನ ಹಾಗೆ.

ಅಕ್ಕ ತಲೆ ಎತ್ತಲಿಲ್ಲ. "ಯಾಕೋ, ಲೇಬಲ್ ಓದಾಕತ್ತೀಯೇನು?"

"ಇಲ್ಲಕ್ಕಾ... ಹಂಗಲ್ಲ..."

"ನಾ ಎಂದರ ಒಬ್ಬಾಕಿನ ಎರದೇನೇನು? ಜೋಡಿಗೆ ಯಾರನ್ನರ ಕುಂಡ್ರಿಸಿಕೊಂಡ ಎರೀತಿದ್ದೆ. ನನ್ನ ಮೈ ನನಗ ಗೊತ್ತಿಲ್ಲೇನು? ಕಂಬದಂಗ ನಿಂತರ ಏನ ಬಂತು? ತಂಬಿಗಿ ತಗೋ, ನೀರ ಹಾಕು."

ಹಾಕಿದೆ. ಅರ್ಧ ನೀರು ನನ್ನ ಧೋತರದ ಮೇಲೆಯೇ ಬಿತ್ತು. ಹೆಂಡತಿ ನಕ್ಕಳು. ಕೂಸು ಅಳಲಿಲ್ಲ.

"ತಪ್ಪಾತಕ್ಕಾ" ಅಂದೆ.

ಯಾವ ತಪ್ಪು ಅಂತ ಅವಳು ಕೇಳಲಿಲ್ಲ. "ನೀರು ಭಾಳ ಬಿಸಿ ಐತಿ, ತಣ್ಣೀರು ಬೆರಸು" ಅಂದಳು.

ಅಂಗಡಿಯ ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡರೆ ಸಾಕು ಅಂದುಕೊಂಡಿದ್ದೆ. ಊರಿನವರು ಒಂದು ದಿನ ಓದಿದ ಲೇಬಲ್ಲನ್ನು ನಾನು ಒಂಬತ್ತು ವರ್ಷ ಓದುತ್ತಲೇ ಇದ್ದೆನಲ್ಲ!

ಇಷ್ಟು ಬರೆದ ಮೇಲೆ, ಈ ಸಲ ನೆಟ್ಟಗೆ ಪ್ರೆಸ್ಸಿಗೆ ಕಳಿಸಲಿಲ್ಲ. ಅಕ್ಕನ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಪೂರ್ತಿ ಓದಿದಳು. "ಹೆಸರು ಬ್ಯಾಡ" ಅಂದಳು, ತೆಗೆದೆ. "ಉಳದದ್ದು ಊರಿಗೆಲ್ಲ ಗೊತ್ತ ಐತಿ, ಹಾಕು" ಅಂದಳು. ಆಮೇಲೆ ನನ್ನ ಕಿಸೆಯ ಪೆನ್ಸಿಲ್ ಇಸಿದುಕೊಂಡು ಒಂದು ಸಾಲನ್ನು ಹೊಡೆದು ಹಾಕಿದಳು.

ಆ ಸಾಲಿನಲ್ಲಿ ಏನಿತ್ತು ಅಂತೀರಾ? ಆಕಿನ್ನ ಕೇಳ್ರಿ.