ಗೊಬ್ಬರದಂಗಡಿಯ ಶಿಕ್ಕಾ

ನಮ್ಮ ಪಾದಯಾತ್ರೆಯ ಪುಸ್ತಿಕೆಯ ಕೊನೆಯ ಪುಟದಲ್ಲಿದ್ದ ಏಳು ನಿಯಮಗಳನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ತಪ್ಪನ್ನು ಬೇರೆಯವರ ಹೆಗಲಿಗೆ ಜಾರಿಸುವ ಆಸೆ ಹುಟ್ಟೀತು.

ಯುಗಾದಿಗೆ ಮುಂಚೆ ಹೈದರಾಬಾದಿನಿಂದ ಶ್ರೀಶೈಲಕ್ಕೆ ನಡೆದು ಹೋಗುವ ಗುಂಪು ನಮ್ಮದು. ನಲವತ್ತು ಜನ. ಹೆಚ್ಚಿನವರು ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದು, ಇಲ್ಲೇ ನೌಕರಿ ಮಾಡಿ, ಇಲ್ಲೇ ತಲೆ ನೆರೆಸಿಕೊಂಡವರು. ಹತ್ತು ದಿನದ ದಾರಿ. ಹಿಂದಿನ ವರ್ಷ ಕೆಲವರು ಕೊನೆಯ ದಿನ ಕಾರಿನಲ್ಲಿ ಬಂದಿಳಿದು, ನಡೆದು ಬಂದವರ ನಡುವೆ ಸೇರಿಕೊಂಡು, ಬೇಕೆಂದೇ ಒಂದಿಷ್ಟು ಕುಂಟಿ ಫೋಟೊ ತೆಗೆಸಿಕೊಂಡಿದ್ದರು. ಅದನ್ನು ನಾನು ಮರೆತಿರಲಿಲ್ಲ. ಅಷ್ಟರಲ್ಲಿ ಯಾವುದೋ ಹೊರದೇಶದ ಪಾದಯಾತ್ರೆಯ ವಿಡಿಯೊ ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಪ್ರತಿಯೊಬ್ಬ ಯಾತ್ರಿಕನ ಕೈಯಲ್ಲೂ ಒಂದು ಪಾಸ್‌ಪೋರ್ಟ್. ಊರೂರಲ್ಲಿ ಶಿಕ್ಕಾ, ಅಂದರೆ ಮೊಹರು, ಹಾಕಿಸಿಕೊಂಡರೆ ಮಾತ್ರ ನಡೆದದ್ದು ಲೆಕ್ಕ.

ನಾನು ಉಪ್ಪಲ್ ಕಡೆಯ ಒಂದು ಕೇಂದ್ರ ಸರಕಾರಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ಕೂತವನು. ಗೇಟಿನೊಳಗೆ ಒಂದು ನಿಮಿಷ ತಡವಾಗಿ ಬಂದವನ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತಿದ್ದ ಕೈ ಇದು. ಬೆನ್ನ ಹಿಂದೆ ನನ್ನನ್ನು ‘ಲೇಟ್ ಮಾರ್ಕ್’ ಎಂದು ಕರೆಯುತ್ತಿದ್ದರು. ನನಗೆ ಅದು ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು.

ಅಮೀರ್‌ಪೇಟೆಯಲ್ಲಿ ಕೋಚಿಂಗ್ ಸೆಂಟರುಗಳ ಐಡಿ ಕಾರ್ಡು ಮಾಡಿಕೊಡುವ ಅಂಗಡಿಯೊಂದರಲ್ಲಿ ನಮ್ಮ ಯಾತ್ರಾ ಪಾಸ್‌ಪೋರ್ಟ್ ಮುದ್ರಿಸಿದೆವು. ನೀಲಿ ರಟ್ಟು, ಒಳಗೆ ಫೋಟೊ, ದಿನಕ್ಕೆ ಎರಡರಂತೆ ಇಪ್ಪತ್ತು ಖಾಲಿ ಚೌಕ: ಒಂದು ದಾರಿ ನಡುವಿನ ನಿಲುಗಡೆಗೆ, ಇನ್ನೊಂದು ಮುಕ್ಕಾಮಿಗೆ. ಶಿಕ್ಕಾ ಟೇಬಲ್ಲಿನ ಬಳಿಯೇ ಹಾಕಿಸಿಕೊಳ್ಳಬೇಕು, ಖುದ್ದಾಗಿ ಬರಬೇಕು, ಹತ್ತು ಹೆಜ್ಜೆಯೂ ವಾಹನ ಹತ್ತಬಾರದು, ಒಂದು ಚೌಕ ಖಾಲಿ ಉಳಿದರೂ ಯಾತ್ರೆ ಅಪೂರ್ಣ. ಏಳನೆಯ ನಿಯಮ: ಶಿಕ್ಕಾ ಹಾಕುವವರ ತೀರ್ಮಾನವೇ ಕೊನೆಯದು. ಶಿಕ್ಕಾ ಹಾಕುವವನು ನಾನು.

ನಾನು ಎಲ್ಲರಿಗಿಂತ ಮುಂಚೆ ತಲುಪಿ ಟೇಬಲ್ ಹಾಕಬೇಕಲ್ಲ, ಆದ್ದರಿಂದ ಪಾತ್ರೆ, ಹಾಸಿಗೆ ಸಾಗಿಸುವ ಟೆಂಪೊದಲ್ಲಿ ನನ್ನ ಪ್ರಯಾಣ. ನನ್ನ ಹೆಸರಿನಲ್ಲೂ ಒಂದು ಪುಸ್ತಿಕೆ ಇತ್ತು. ಪ್ರತಿದಿನ ಮೊದಲ ಶಿಕ್ಕಾ ಅದಕ್ಕೇ ಬೀಳುತ್ತಿತ್ತು, ಹೊಸ ಶಾಯಿಯಲ್ಲಿ, ಬೆವರದ ಕೈಯಿಂದ. ನಡೆದವರ ಪುಸ್ತಿಕೆಗಳೆಲ್ಲ ಬೆವರಿಗೆ ಕಲಸಿಹೋಗಿದ್ದವು. ಅಚ್ಚುಕಟ್ಟಾಗಿ ಉಳಿದದ್ದು ನನ್ನದೊಂದೇ. ವಾಹನದ ನಿಯಮ ನಿನಗಿಲ್ಲವೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಈ ಶಿಕ್ಕಾಗಳಿಗೆ ಒಂದು ಫಲವೂ ಇತ್ತು. ನಮ್ಮ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆ ಬರೀ ದೇವಿಯಲ್ಲ, ಗಂಡನ ಮನೆಯಲ್ಲಿರುವ ಮಗಳು. ಯುಗಾದಿಗೆ ತವರಿನವರು ಅವಳಿಗೆ ಸೀರೆ, ಕುಬಸ, ಬಳೆ ಒಯ್ಯಬೇಕು. ನಮ್ಮ ಗುಂಪಿನ ಆ ಸೀರೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಗುಡಿಗೆ ಹೋಗುವ ಮಾನ ಪೂರ್ತಿ ಶಿಕ್ಕಾ ಬಿದ್ದ ಹೆಂಗಸರಲ್ಲಿ ಹಿರಿಯಳಿಗೆ ಎಂದು ತೀರ್ಮಾನವಾಗಿತ್ತು.

ಆ ವರ್ಷ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಕಾಚಿಗೂಡದ ಒಬ್ಬಾಕೆ. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಜೋಳದ ರೊಟ್ಟಿ ಬಡಿದು ಕನ್ನಡದವರ ಮನೆಗಳಿಗೆ ಕೊಡುತ್ತಿದ್ದಳು. ತೆಳ್ಳಗೆ, ಎತ್ತರಕ್ಕೆ, ನಡೆದರೆ ಗಂಡಸರು ಹಿಂದೆ ಬೀಳಬೇಕು. ಮೊದಲ ಶಿಕ್ಕಾ ಹಾಕಿಸಿಕೊಳ್ಳುವಾಗ ಅವಳಾಗಿಯೇ ಹೇಳಿದ್ದಳು:

“ನನಗ ಹೆಣ್ಮಕ್ಕಳಿಲ್ಲ ನೋಡ್ರಿ ಅಣ್ಣಾರ. ಹುಟ್ಟಿದ್ದೆಲ್ಲಾ ಗಂಡು. ಮಗಳ ಮನಿಗೆ ಸೀರಿ ಒಯ್ದಂಗ ಒಮ್ಮೆ ಒಯ್ಯಬೇಕು ಅಂತ ಭಾಳ ಆಸೆ ಐತಿ.”

“ಒಂದೂ ತಪ್ಪಸಬ್ಯಾಡ್ರಿ ಅಕ್ಕಾರ, ಆತು” ಎಂದಿದ್ದೆ.

ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಹಿರಿತನದಲ್ಲಿ ಎರಡನೆಯವಳು, ನನ್ನ ಹೆಂಡತಿ. ಆಕೆಯೂ ನಡೆಯುತ್ತಿದ್ದಳು. ನಾನೀಗ ಹೇಳಲಿರುವ ದಿನ ಈ ವಿಷಯ ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದು ಆಣೆ ಮಾಡಿ ಹೇಳಬೇಕೆನಿಸುತ್ತದೆ. ಆದರೆ ಆಣೆ ಮಾಡಲು ನಾಲಿಗೆ ಏಳುವುದಿಲ್ಲ.

ನಾಲ್ಕನೆಯ ದಿನ. ನಡೆಯುವವರು ಬಿಸಿಲಿಗೆ ಹೆದರಿ ನಸುಕಿನಲ್ಲೇ ಹೊರಟಿದ್ದರು. ನಡುವಿನ ನಿಲುಗಡೆ ಆಮನಗಲ್ಲು ದಾಟಿದ ಮೇಲೆ ರಸ್ತೆ ಬದಿಯ ಒಂದು ಊರಿನಲ್ಲಿ, ಗೊಬ್ಬರದಂಗಡಿಯ ಮುಂದೆ. ಏಳೂವರೆಗೆ ನಾನು ಅಲ್ಲಿ ಟೇಬಲ್ ಹಾಕಿರಬೇಕು. ಸಾಮಾನು ತುಂಬಿಕೊಂಡು ಟೆಂಪೊ ಹೊರಟಾಗ ವೇಳೆ ಬೇಕಾದಷ್ಟಿತ್ತು. ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಪೆಸರಟ್ಟಿನ ವಾಸನೆ ಬಂತು. ಹೆಸರುಕಾಳಿನ ದೋಸೆ, ಒಳಗೆ ಉಪ್ಪಿಟ್ಟು, ಮೇಲೆ ಶುಂಠಿ ಚಟ್ನಿ. ಒಂದು ತಿಂದೆ. ಚೆನ್ನಾಗಿತ್ತು, ಇನ್ನೊಂದು ಹೇಳಿದೆ. ಆಮೇಲೆ ಚಹಾ. ಡ್ರೈವರ್ ಗಡಿಯಾರ ನೋಡಿಕೊಂಡಾಗ, “ಮುದುಕರು ಅಷ್ಟು ಬೇಗ ಎಲ್ಲಿ ಬರ್ತಾರಪ್ಪ” ಎಂದು ನಕ್ಕವನು ನಾನೇ.

ಊರು ತಲುಪಿದಾಗ ಎಂಟೂ ಇಪ್ಪತ್ತೈದು. ಯಾರೂ ಬಂದಿರಲಿಲ್ಲ. ಬದುಕಿದೆ ಎಂದುಕೊಂಡು ರಿಜಿಸ್ಟರಿನಲ್ಲಿ ‘ಟೇಬಲ್ ಹಾಕಿದ ವೇಳೆ: ಏಳೂವರೆ’ ಎಂದು ಬರೆದೆ. ಒಂಬತ್ತರ ಹೊತ್ತಿಗೆ ಗುಂಪು ಬಂತು. ಶಿಕ್ಕಾ ಹಾಕಿದೆ. ಒಬ್ಬಳು ಕಡಿಮೆ, ಕಾಚಿಗೂಡದವಳು. ಹಿಂದೆ ಉಳಿದಿರಬಹುದು ಎಂದುಕೊಂಡೆ. ಆದರೆ ಅವಳು ಹಿಂದೆ ಉಳಿಯುವವಳಲ್ಲ ಎಂದು ಯೋಚಿಸಲಿಲ್ಲ.

ಅಲ್ಲಿಂದ ಎಂಟು ಕಿಲೋಮೀಟರ್ ಮುಂದಿನ ಮುಕ್ಕಾಮು ಒಂದು ಕಲ್ಯಾಣ ಮಂಟಪ. ನಾನು ಟೆಂಪೊ ಇಳಿದಾಗ ಆಕೆ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಎಲ್ಲರೂ ಬಂದು ಸೇರಿದ ಮೇಲೆ ಸಾಲಿನಲ್ಲಿ ನಿಂತು ಪುಸ್ತಿಕೆ ಚಾಚಿದಳು. ಬೆಳಗಿನ ಚೌಕ ಖಾಲಿ.

“ನಾ ಬಂದಾಗ ನೀವು ಇದ್ದಿದ್ದಿಲ್ರಿ ಅಣ್ಣಾರ. ಕುಂತು ಕುಂತು ಸಾಕಾತು. ಟೇಬಲ್ ಮುಂದಿನ ಊರಾಗ ಐತೇನೋ ಅಂತ ನಡದು ಬಂದುಬಿಟ್ಟೆ.”

ಉಳಿದವರೆಲ್ಲ ಕೇಳುತ್ತಿದ್ದರು. ‘ಹೌದು, ನಾನು ತಡ ಮಾಡಿದೆ’ ಎಂದರೆ ಮುಗಿದುಹೋಗುತ್ತಿತ್ತು. ಮೂವತ್ತೆರಡು ವರ್ಷ ಬೇರೆಯವರ ಬಾಯಿಂದ ಹೇಳಿಸಿದ ಮಾತು ನನ್ನ ಬಾಯಿಗೆ ಬರಲಿಲ್ಲ.

“ಏಳೂವರಿಯಿಂದ ಅಲ್ಲೇ ಅದೀನ್ರಿ. ರಿಜಿಸ್ಟರ್ ನೋಡ್ರಿ ಬೇಕಾದ್ರ. ಟೇಬಲ್ ಹಂತ್ಯಾಕ ಬಂದವರಿಗೆ ಅಷ್ಟಽ ಶಿಕ್ಕಾ.”

ಒಬ್ಬಿಬ್ಬರು ಹೋಗಲಿ ಬಿಡ್ರಿ ಎಂದರು. ನಿಯಮ ಅಂದರೆ ನಿಯಮ ಎಂದೆ. ಆಕೆ ವಾದ ಮಾಡಲಿಲ್ಲ. ನೀರು ಕುಡಿದಳು, ಒದ್ದೆ ಟವೆಲ್ಲನ್ನು ತಲೆಗೆ ಹಾಕಿಕೊಂಡಳು, “ಹಂಗಾದ್ರ ಅಲ್ಲಿಗೇ ಹೋಗಿ ಬರ್ತೀನ್ರಿ” ಎಂದು ಬಂದ ದಾರಿಯಲ್ಲೇ ಹೊರಟುಬಿಟ್ಟಳು. ಹನ್ನೆರಡರ ಬಿಸಿಲು. ಡಾಂಬರು ಕಾಲಿಗೆ ಅಂಟುತ್ತಿತ್ತು. ಕರೆಯಬಹುದಿತ್ತು, ಕರೆಯಲಿಲ್ಲ. ಅರ್ಧ ದಾರಿಯಿಂದ ತಿರುಗಿ ಬರುತ್ತಾಳೆ ಎಂದುಕೊಂಡು ಊಟಕ್ಕೆ ಕೂತೆ.

ಐದೂವರೆಗೆ ಬಂದಳು. ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು. ಪುಸ್ತಿಕೆ ತೆರೆದು ನನ್ನ ಮುಂದಿಟ್ಟಳು. ಖಾಲಿ ಚೌಕದಲ್ಲಿ ನೇರಳೆ ಬಣ್ಣದ ಉದ್ದನೆಯ ಶಿಕ್ಕಾ: ತೆಲುಗಿನಲ್ಲಿ ಅಂಗಡಿಯ ಹೆಸರು, ಅದರ ಕೆಳಗೆ ‘ಎರುವುಲು, ವಿತ್ತನಾಲು, ಪುರುಗು ಮಂದುಲು’. ಗೊಬ್ಬರ, ಬೀಜ, ಕೀಟನಾಶಕ. ಅದರ ಕೆಳಗೆ ಪೆನ್ನಿನಲ್ಲಿ ಅಂಗಡಿಯವನ ನಾಲ್ಕು ಸಾಲು:

‘ಈ ಅಮ್ಮ ಪೊದ್ದುನ ೭.೨೦ಕಿ ವಚ್ಚಿಂದಿ. ನೀಳ್ಳು ತಾಗಿಂದಿ. ೮ ದಾಕ ಕೂಸುಂದಿ. ಟೇಬುಲ್ ರಾಲೇದು.’

ಈ ಅಮ್ಮ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಬಂದಳು, ನೀರು ಕುಡಿದಳು, ಎಂಟರ ತನಕ ಕೂತಿದ್ದಳು, ಟೇಬಲ್ ಬರಲಿಲ್ಲ.

“ಏನ್ ಬರದಾನ್ರಿ?” ಎಂದು ಹಿಂದಿನಿಂದ ಯಾರೋ ಕೇಳಿದರು. ನಮ್ಮವರಿಗೆಲ್ಲ ತೆಲುಗು ಮಾತು ಬರುತ್ತದೆ, ಓದು ಬರುವವರು ಕಡಿಮೆ. ರೊಟ್ಟಿ ಬಡಿಯುವ ಈ ಹೆಂಗಸಿಗಂತೂ ಬರುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡೆ. ದೊಡ್ಡ ದನಿಯಲ್ಲಿ ಓದಿದೆ: “ಈ ಅಮ್ಮ ಬಂದಿದ್ದಳು, ನೀರು ಕುಡಿದಳು ಅಂತ ಬರದಾನ. ಯಾವಾಗ ಅಂತ ಇಲ್ಲ. ಈಗ ಹೋಗಿ ಕುಡದಿರಬೇಕು.” ಓದಿ ಪುಸ್ತಿಕೆ ಮುಚ್ಚಿದೆ.

“ಶ್ರೀಶೈಲ ಮಲ್ಲಯ್ಯನ ಹಂತ್ಯಾಕ ಯೂರಿಯಾ ಬೇಡಾಕ ಹೊಂಟಾರೇನ್ರಿ ಅಕ್ಕಾರು?” ಎಂದು ಒಬ್ಬ ತಮಾಷೆ ಮಾಡಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆಕೆ ನನ್ನನ್ನೇ ನೋಡುತ್ತ ನಿಂತಿದ್ದಳು. “ಅಷ್ಟಽ ಬರದಾನೇನ್ರಿ ಅಣ್ಣಾರ?”

“ಅಷ್ಟಽ ನೋಡ್ರಿ.”

ಪುಸ್ತಿಕೆ ತೆಗೆದುಕೊಂಡು ಚೀಲದಲ್ಲಿಟ್ಟುಕೊಂಡಳು. ಮಾರನೆಯ ದಿನವೂ ಎಲ್ಲರಿಗಿಂತ ಮುಂದೆ ನಡೆದಳು, ಅದರ ಮಾರನೆಯ ದಿನವೂ. ನಾನು ಏಳಕ್ಕೇ ಟೇಬಲ್ ಹಾಕಿ ಕಾಯತೊಡಗಿದೆ. ಅವಳ ಪುಸ್ತಿಕೆ ಮುಂದೆ ಬಂದಾಗಲೆಲ್ಲ ಶಿಕ್ಕಾವನ್ನು ಒತ್ತಿ ಒತ್ತಿ ಹಾಕುತ್ತಿದ್ದೆ, ಮಜ್ಜಿಗೆ ಮೊದಲು ಅವಳಿಗೇ ಕೊಡಿಸುತ್ತಿದ್ದೆ. ಎಂಥ ಅಗ್ಗದ ಮನುಷ್ಯ ನಾನು ಎಂದು ಈಗ ಅನಿಸುತ್ತದೆ. ಆಗಲೂ ಅನಿಸಿತ್ತು.

ಶ್ರೀಶೈಲದಲ್ಲಿ ಸೀರೆಯ ಬುಟ್ಟಿ ನನ್ನ ಹೆಂಡತಿಯ ತಲೆಗೆ ಬಂತು. ಅವಳ ಸಂಭ್ರಮ ಹೇಳತೀರದು. ಸೀರೆಯ ಮಡಿಕೆ ಸರಿ ಮಾಡಿ, ತಲೆಯ ಮೇಲೆ ಸಿಂಬಿ ಕೂಡಿಸಿ ಬುಟ್ಟಿ ಹೊರಿಸಿದವಳು ಕಾಚಿಗೂಡದ ಆಕೆಯೇ. ಎಲ್ಲರೂ ಮುಂದೆ ಹೋದರು. ಚಪ್ಪಲಿ ಬಿಡುವ ಕಡೆ ನಾನು ಹಿಂದೆ ಉಳಿದಿದ್ದೆ, ಆಕೆಯೂ ಇದ್ದಳು. ಗೋಡೆಯ ಮೇಲಿನ ತೆಲುಗು ಹಲಗೆಯತ್ತ ಬೆರಳು ತೋರಿಸಿ, ಒಂದೊಂದೇ ಅಕ್ಷರ ಕೂಡಿಸುತ್ತ ಓದಿದಳು: “ಚೆ-ಪ್ಪು-ಲು ಇ-ಕ್ಕ-ಡ ವ-ದ-ಲಂ-ಡಿ. ಇಲ್ಲೇ ಬಿಡ್ರಿ ಅಣ್ಣಾರ, ಚಪ್ಪಲಿ ಇಲ್ಲೇ ಬಿಡಬೇಕಂತ.”

ನಾನು ಹಲಗೆ ನೋಡಿ ಅವಳತ್ತ ತಿರುಗಿದೆ. “ನಿಮಗ ತೆಲುಗು ಓದಾಕ ಬರ್ತದೇನ್ರಿ?”

“ಕಲತಿಲ್ರಿ. ಅಕ್ಷರ ನಮ್ಮವನ್ಹಂಗ ಅದಾವಲ್ರಿ, ತಲೆಕಟ್ಟು ಒಂದು ಬ್ಯಾರೆ. ನಿಧಾನಕ್ಕ ಕೂಡಿಸಿದ್ರ ಬರ್ತದ.” ಚಪ್ಪಲಿ ಬದಿಗೆ ಸರಿಸಿಟ್ಟು ಹೇಳಿದಳು: “ಅಂಗಡ್ಯಾಂವ ಬರದದ್ದನ್ನೂ ದಾರಿ ತುಂಬ ಓದಿಕೋತನಽ ಬಂದಿದ್ದೆ.”

“ಮತ್ತ ಅಲ್ಲೇ ಯಾಕ ಹೇಳಲಿಲ್ರಿ?”

“ನೀವು ಪೂರಾ ಓದ್ತೀರಿ ಅಂತ ಕಾಯ್ಕೋತ ನಿಂತಿದ್ದೆ ನೋಡ್ರಿ.”

ಅಷ್ಟರಲ್ಲಿ ಮುಂದಿನಿಂದ ನನ್ನ ಹೆಂಡತಿ ಕೂಗಿದಳು: “ಏನ್ರಿ, ಲಗೂ ಬರ್ರಿ, ಲೈನ್ ಮುಂದ ಹೋತು!” ಬುಟ್ಟಿ ಇನ್ನೂ ಅವಳ ತಲೆಯ ಮೇಲೆಯೇ ಇತ್ತು. ಸೀರೆ ಅಮ್ಮನ ಮುಂದೆ ಇನ್ನೂ ಇಳಿದಿರಲಿಲ್ಲ. ಎರಡು ಮಾತು ಹೇಳಿದ್ದರೆ ಬುಟ್ಟಿ ಸೇರಬೇಕಾದ ತಲೆ ಸೇರುತ್ತಿತ್ತು. ನಾನು ಚಪ್ಪಲಿ ಬಿಟ್ಟು ಲೈನಿಗೆ ಹೋಗಿ ನಿಂತೆ.

ಯಾತ್ರೆ ಮುಗಿದ ಮೇಲೆ ಪುಸ್ತಿಕೆಗಳನ್ನೆಲ್ಲ ಸರ್ಟಿಫಿಕೇಟಿಗೆಂದು ನನ್ನ ಬಳಿ ಒಪ್ಪಿಸಿದರು. ಅಪೂರ್ಣವೆಂದು ಬೇರೆ ಇಟ್ಟದ್ದು ಒಂದೇ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಪ್ರಸಾದದ ಕುಂಕುಮ, ಬಳೆಗಳನ್ನು ಒಂದು ಕಾಗದದಲ್ಲಿ ಕಟ್ಟಿ ಆ ಪುಸ್ತಿಕೆಯ ಮೇಲಿಟ್ಟಳು. “ನಾ ಹೊತ್ತದ್ದು ಹೊತ್ತೆ. ಇನ್ನ ಕೆಳಗ ಇಳಸಾಕ ಬರಂಗಿಲ್ಲ. ಇದನ್ನರ ಕೊಟ್ಟು ಬರ್ರಿ” ಎಂದಷ್ಟೇ ಹೇಳಿದಳು.

ಎರಡು ಸಲ ಕಾಚಿಗೂಡದ ಗಲ್ಲಿಯ ಬಾಯಿಗೆ ಹೋಗಿ, ರೊಟ್ಟಿ ಬಡಿಯುವ ಸದ್ದು ಕೇಳಿ ತಿರುಗಿ ಬಂದೆ. ಮೂರನೆಯ ಸಲ ಒಳಗೆ ಹೋದೆ. ಆಕೆ ಹಂಚಿನ ಮುಂದೆ ಕೂತಿದ್ದಳು. ಹಿಟ್ಟು ನಾದುತ್ತಿದ್ದ ಸೊಸೆ ಬಾಗಲಕೋಟೆ ಕಡೆಯವಳು, ಹೈದರಾಬಾದಿಗೆ ಹೊಸಬಳು. ಕುಂಕುಮ, ಬಳೆಗಳನ್ನು ಅತ್ತೆ ಕಣ್ಣಿಗೊತ್ತಿ ಗೋಡೆಯ ಮಾಡದಲ್ಲಿಟ್ಟಳು. ಪುಸ್ತಿಕೆ ಚಾಚಿದಾಗ ಮುಟ್ಟಲಿಲ್ಲ.

“ನನ್ನ ಕೈ ಹಿಟ್ಟಾಗೈತ್ರಿ. ನಮ್ಮ ಸೊಸಿ ನಡದದ್ದರ ಸುದ್ದಿ ಕೇಳಿಕೋತ ಇರ್ತಾಳ. ಅಕಿಗೆ ತೆಲುಗು ತಿಳಿಯಂಗಿಲ್ಲ. ಆ ಅಂಗಡ್ಯಾಂವ ಬರದದ್ದು ಒಂದೀಟು ಓದಿ ಹೇಳ್ರಿ ಅಣ್ಣಾರ.”

ನಿಂತುಕೊಂಡೇ ಓದಿದೆ. ನಾಲ್ಕೂ ಸಾಲು. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ. ಏಳೂ ಇಪ್ಪತ್ತಕ್ಕೆ ಬಂದಳು. ನೀರು ಕುಡಿದಳು. ಎಂಟರ ತನಕ ಕೂತಿದ್ದಳು. ಟೇಬಲ್ ಬರಲಿಲ್ಲ.

ಆಕೆ ತಲೆ ಎತ್ತಲಿಲ್ಲ, ರೊಟ್ಟಿ ಮಗುಚಿದಳು. ಸೊಸೆ ನಾದುವುದನ್ನು ನಿಲ್ಲಿಸಿ, ಯಾವ ಕಪಟವೂ ಇಲ್ಲದೆ ನನ್ನನ್ನೇ ಕೇಳಿದಳು:

“ಟೇಬಲ್ ಯಾಕ ಬಂದಿದ್ದಿಲ್ರಿ ಕಾಕಾರ?”

“ನಾ ಪೆಸರಟ್ಟು ತಿನ್ನಾಕತ್ತಿದ್ನವ್ವಾ” ಎಂದೆ.