ಟೀವಿಯಿಲ್ಲದ ಮನೆಗೆ ತಡವಾಗಿ ಬಂದ ಸುದ್ದಿ

ನಮ್ಮ ಮನೆಯಲ್ಲಿ ಟೀವಿ ಇಲ್ಲ. ಬಂದವರು ಹಾಲಿನ ಬೋಳು ಗೋಡೆ ನೋಡಿ, "ರಿಪೇರಿಗೆ ಕೊಟ್ಟಿದೀರಾ?" ಎಂದು ಕಾಳಜಿಯಿಂದ ಕೇಳುತ್ತಾರೆ. ಈ ನೆವಾರ್ಕ್ ಊರಿಗೆ ಮನೆ ಬದಲಾಯಿಸುವಾಗ ಒಡೆದುಹೋಯಿತು, ಮತ್ತೆ ತರಲಿಲ್ಲ ಎಂದರೆ ನಂಬುವುದಿಲ್ಲ. ಏನೋ ವ್ರತವಿರಬೇಕು ಅಂದುಕೊಳ್ಳುತ್ತಾರೆ. ವ್ರತವೂ ಅಲ್ಲ, ವೈರಾಗ್ಯವೂ ಅಲ್ಲ, ಬರೀ ಸೋಮಾರಿತನ. ಫೋನಿನಲ್ಲೂ ಸುದ್ದಿಯ ಕಾಟ ಬೇಡವೆಂದು ನಿಲ್ಲಿಸಿದ್ದೇನೆ. ಆದರೂ ಸುದ್ದಿ ಹುಡುಕಿಕೊಂಡು ಬರುತ್ತದೆ. ಕಾರಿಗೆ ಪೆಟ್ರೋಲು ತುಂಬುವಾಗ ಪಂಪಿನ ಪುಟ್ಟ ಪರದೆ ತಾನಾಗಿಯೇ ಮಾತು ಶುರುಮಾಡುತ್ತದೆ. ಟ್ಯಾಂಕು ತುಂಬಿದೊಡನೆ ಯುದ್ಧದ ಸುದ್ದಿಯ ನಡುವೆಯೇ ಬಾಯಿ ಮುಚ್ಚುತ್ತದೆ. ಯಾರು ಗೆದ್ದರೆಂದು ತಿಳಿಯಲು ಟ್ಯಾಂಕು ಮತ್ತೆ ಖಾಲಿಯಾಗಬೇಕು.

ಹೋದ ಚಳಿಗಾಲದಲ್ಲಿ ಒಂದು ಸುದ್ದಿ ಹೀಗೆಯೇ ಸಿಕ್ಕಿತು. ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬಳು ತನ್ನ ಪಿಂಗಾಣಿ ತಟ್ಟೆಗಳನ್ನು ನಮಗೆ ಕೊಟ್ಟಿದ್ದಳು. ಒಂದೊಂದಕ್ಕೂ ಹಳೆಯ ಲೋಕಲ್ ಪೇಪರು ಸುತ್ತಿತ್ತು. ಬಿಚ್ಚುತ್ತಾ ಕೂತಿದ್ದೆ. ಸುಕ್ಕಾದ ಒಂದು ಹಾಳೆಯಲ್ಲಿ ಡೋರಿಸ್ ನಗುತ್ತಿದ್ದರು. ಕೆಳಗೆ ಅವರ ನಿಧನವಾರ್ತೆ.

ಡೋರಿಸ್ ನನ್ನ ಮಗಳ ಶಾಲೆಯ ಮುಂದೆ ಸ್ಟಾಪ್ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದವರು. ಮಗಳನ್ನು ಶಾಲೆಗೆ ಬಿಡುವುದು ನಮ್ಮ ಜೊತೆಗೇ ಇರುವ ಅತ್ತೆಯ ಕೆಲಸ. ಉಡುಪಿಯ ಅತ್ತೆಗೆ ಇಂಗ್ಲಿಷ್ ಬಾರದು. ಡೋರಿಸ್‌ಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. ಆದರೂ ಬೆಲ್ಲು ಹೊಡೆದ ಮೇಲೂ ಇಬ್ಬರೂ ಕೈಸನ್ನೆಯಲ್ಲಿ ಬಹಳ ಹೊತ್ತು ಮಾತನಾಡುತ್ತಿದ್ದರು. ಬೇಸಿಗೆ ರಜೆಯ ನಂತರ ಆ ಜಾಗದಲ್ಲಿ ಬೇರೊಬ್ಬರು ನಿಂತಿದ್ದರು. ಡೋರಿಸ್ ಗಿಲ್‌ರಾಯ್ ಊರಿನಲ್ಲಿರುವ ತಮ್ಮ ಮಗಳ ಮನೆಗೆ ಹೋಗಿರಬೇಕು ಎಂದು ನಾವೇ ತೀರ್ಮಾನಿಸಿದ್ದೆವು.

ಅತ್ತೆ ಹಾಳೆಯನ್ನು ಮಡಿಲಲ್ಲಿಟ್ಟು ಅಂಗೈಯಿಂದ ಸುಕ್ಕು ಬಿಡಿಸಿದರು. ನಾನು ಓದಿ ಹೇಳಿದೆ.

"ಗಂಡ ಇದ್ದಾರೆ ಅಂತ ಉಂಟಲ್ಲ. ಹೋಗಿ ಬರುವ," ಎಂದರು.

"ತಿಂಗಳುಗಟ್ಟಲೆ ಆಯ್ತು ಅತ್ತೆ. ಈಗ ಹೋದ್ರೆ ಏನಂದ್ಕೋತಾರೆ?"

"ಅವರಿಗೆ ಹಳೇ ಸುದ್ದಿ ಇರಬಹುದು. ನಮಗೆ ಅವಳು ಸತ್ತದ್ದು ಇವತ್ತೇ ಅಲ್ವಾ ಮಾರಾಯ್ತಿ?"

ಶಾಲೆಯ ಬಳಿ ವಿಚಾರಿಸಿದಾಗ ಮನೆ ಹತ್ತಿರವೇ ಎಂದು ಗೊತ್ತಾಯಿತು. ಭಾನುವಾರ ಕಿತ್ತಳೆ ಹಣ್ಣು ಹಿಡಿದು ಹೋದೆವು. ಬಾಗಿಲು ತೆರೆದ ಮುದುಕರಿಗೆ, ತಡವಾಯಿತು ಕ್ಷಮಿಸಿ ಎನ್ನಲು ಹೊರಟೆ. ಅವರು ನನ್ನನ್ನು ಬಿಟ್ಟು ಅತ್ತೆಯ ಸೀರೆಯನ್ನು, ಅದರ ಮೇಲಿನ ಉಣ್ಣೆಯ ಜಾಕೆಟನ್ನು ನೋಡುತ್ತಿದ್ದರು.

"ನೀವು ಯಾರೆಂದು ನನಗೆ ಗೊತ್ತು," ಎಂದರು ಇಂಗ್ಲಿಷಿನಲ್ಲಿ. "ದಿನಾ ಮನೆಗೆ ಬಂದು ನಿಮ್ಮ ಸುದ್ದಿಯನ್ನೇ ಹೇಳುತ್ತಿದ್ದಳು."

ಒಳಗೆ ಕೂರಿಸಿದರು. ಮೊದಲ ವಾರ ಮನೆ ತುಂಬ ಜನ ಇದ್ದರಂತೆ. ಆಮೇಲೆ, ಇವರಿಗೆ ನೋವಾದೀತೆಂದು ಯಾರೂ ಡೋರಿಸ್ ಹೆಸರನ್ನೇ ಎತ್ತಲಿಲ್ಲವಂತೆ. ಅತ್ತೆ ಕನ್ನಡದಲ್ಲೇ ಏನೋ ಹೇಳುತ್ತಾ ಅತ್ತರು. ಅವರೂ ಅತ್ತರು. ಅನುವಾದಕ್ಕೆಂದು ನಡುವೆ ಕೂತ ನನಗೆ ಕೆಲಸವಿರಲಿಲ್ಲ.

ಹೊರಡುವಾಗ ಅವರು ಅಳುಕುತ್ತಾ ಕೇಳಿದರು: "ಸಮುದ್ರಕ್ಕೆ ಹೋಗಿದ್ದ ನಿಮ್ಮ ಐವರು ಗಂಡುಮಕ್ಕಳು ವಾಪಸು ಬಂದರೇ? ಗಾಳಿ ಜೋರಾದ ದಿನವೆಲ್ಲ ಡೋರಿಸ್ ಅವರಿಗಾಗಿ ಪ್ರಾರ್ಥಿಸುತ್ತಿದ್ದಳು."

ಅತ್ತೆಗಿರುವುದು ಒಬ್ಬನೇ ಮಗ, ನನ್ನ ಗಂಡ. ಅವನಿಗೆ ಈಜೂ ಬಾರದು. ಗೊಂದಲದಲ್ಲೇ ಕನ್ನಡಕ್ಕೆ ತಿರುಗಿಸಿದೆ. ಅತ್ತೆ ಒಂದು ಕ್ಷಣ ತಮ್ಮ ಐದು ಬೆರಳುಗಳನ್ನು ನೋಡಿಕೊಂಡರು.

"ಅಯ್ಯೋ, ಅದು ಬಂಗುಡೆ ಮಾರಾಯ್ತಿ," ಎಂದು ಪಿಸುಗುಟ್ಟಿದರು. "ಕೈಯಲ್ಲಿ ಅಲೆ ಮಾಡಿ, ಬೆರಳು ತೋರಿಸಿ, ಐದು ಬಂಗುಡೆ ಮೀನು ತಂದದ್ದನ್ನು ಹೇಳಿದ್ದೆ."

ಮುದುಕರು ನಮ್ಮ ಮುಖ ನೋಡುತ್ತಾ ಕಾಯುತ್ತಿದ್ದರು. ಅತ್ತೆ ಅವರ ಕಡೆ ತಿರುಗಿ, ಬಿಡಿಸಿದ ಬೆರಳುಗಳನ್ನು ಎದೆಗೆ ಆನಿಸಿಕೊಂಡರು.

"ಹೇಳು ಅವರಿಗೆ, ಎಲ್ಲರೂ ಕ್ಷೇಮವಾಗಿ ಮನೆಗೆ ಬಂದ್ರು ಅಂತ."

ಒಂದಕ್ಷರವೂ ಬದಲಿಸದೆ ಹೇಳಿದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿ, ತುಂಬಾ ಹೊತ್ತಿನಿಂದ ಹಿಡಿದಿದ್ದಂತಿದ್ದ ಉಸಿರು ಬಿಟ್ಟರು.

"ಎಷ್ಟು ದಿನವಾಯಿತು," ಎಂದರು, "ಒಂದು ಒಳ್ಳೆಯ ಸುದ್ದಿ ಕೇಳಿ."